ಅಂಕಸಮುದ್ರದ ಕೆರೆಯನ್ನು ನೇಯುವುದು: ಚೌಕಟ್ಟು ಮಗ್ಗದ ಟ್ಯಾಪೆಸ್ಟ್ರಿ ಟಿಪ್ಪಣಿ

ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಅಲ್ಲಿನ ನೋಟದಲ್ಲಿ ಇರುವುದು ಮೂರೇ ಸಂಗತಿ: ಮಲಗಿದ ನೀರು, ನೀರೊಳಗೇ ನಿಂತ ಜಾಲಿ ಮರ, ಮರದ ಮೇಲೆ ಕೂತ ಬಣ್ಣದ ಕೊಕ್ಕರೆ. ನೇಯುವವರಿಗೆ ತೊಂದರೆ ಶುರುವಾಗುವುದೂ ಇಲ್ಲೇ. ನೀರು ಅಡ್ಡ, ಮರ ಉದ್ದ. ಮಗ್ಗ ಇವೆರಡರಲ್ಲಿ ಒಂದಕ್ಕೆ ಮಾತ್ರ ಸಲೀಸಾಗಿ ಒಗ್ಗುತ್ತದೆ.

ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲುಗಳು ಹಾಸು, ಅವುಗಳ ನಡುವೆ ಅಡ್ಡಲಾಗಿ ಹೋಗುವ ನೂಲು ಹೊಕ್ಕು. ಈ ಟಿಪ್ಪಣಿಯಲ್ಲಿ ‘ಎಳೆ’ ಎಂದರೆ ಹಾಸಿನ ಒಂದು ನೂಲು, ‘ಸಾಲು’ ಎಂದರೆ ಹೊಕ್ಕಿನ ನೂಲು ಒಂದು ಸಲ ದಾಟಿದ್ದು. ಟ್ಯಾಪೆಸ್ಟ್ರಿಯಲ್ಲಿ ಹೊಕ್ಕು ಹಾಸನ್ನು ಪೂರ್ತಿ ಮುಚ್ಚುತ್ತದೆ, ಪ್ರತಿ ಬಣ್ಣದ ನೂಲೂ ತನ್ನ ಜಾಗದಲ್ಲಷ್ಟೇ ಹೋಗಿ ಬರುತ್ತದೆ. ನವಲಗುಂದದ ಜಮಖಾನೆಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿ ಹತ್ತಿ, ಇಲ್ಲಿ ಉಣ್ಣೆ, ಅಷ್ಟೇ.

ಮೊದಲು ಚಿತ್ರವನ್ನು ತಿರುಗಿಸಿ

ಚಿತ್ರದ ಅಳತೆ 45 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರ ಎಂದಿಟ್ಟುಕೊಳ್ಳಿ. ನೇರವಾಗಿ ನೇಯ್ದರೆ 1 ಸೆಂ.ಮೀ. ದಪ್ಪದ, 12 ಸೆಂ.ಮೀ. ಎತ್ತರದ ಒಂದು ಕಾಂಡದ ಎರಡೂ ಬದಿಗೆ 12 ಸೆಂ.ಮೀ. ಉದ್ದದ ಸೀಳು ಬೀಳುತ್ತದೆ. ಪಕ್ಕಪಕ್ಕದ ಎರಡು ಬಣ್ಣ ಒಂದನ್ನೊಂದು ಮುಟ್ಟದೆ ತಮ್ಮ ತಮ್ಮ ಎಳೆಯಿಂದಲೇ ಹಿಂದಿರುಗುವುದರಿಂದ ಹೀಗಾಗುತ್ತದೆ. ಐದು ಮರ ಹಾಕಿದರೆ ಹೊಲಿಯಬೇಕಾದ ಸೀಳು 120 ಸೆಂ.ಮೀ. ಬಟ್ಟೆ ಹೋಗಿ ಪಟ್ಟಿಗಳ ಗೊಂಚಲು ಉಳಿಯುತ್ತದೆ.

ಅದೇ ಚಿತ್ರವನ್ನು ಕಾಲು ಸುತ್ತು ತಿರುಗಿಸಿ ನೇಯ್ದರೆ ಕಾಂಡ ಮಗ್ಗದಲ್ಲಿ ಅಡ್ಡ ಪಟ್ಟಿಯಾಗುತ್ತದೆ: ಹನ್ನೆರಡು ಸಾಲು ಕಂದು ಹಾಕಿದರೆ ಒಂದು ಮರ ಮುಗಿಯಿತು. ಯುರೋಪಿನ ಹಳೆಯ ದೊಡ್ಡ ಟ್ಯಾಪೆಸ್ಟ್ರಿಗಳನ್ನೂ ಹೆಚ್ಚಾಗಿ ಹೀಗೆ ಅಡ್ಡಲಾಗಿಯೇ ನೇಯುತ್ತಿದ್ದರು. ಮೂರಕ್ಕಿಂತ ಹೆಚ್ಚು ಕಾಂಡಗಳಿದ್ದರೆ ತಿರುಗಿಸುವುದೇ ಸರಿ. ಬರೀ ನೀರು, ದಿಗಂತ, ಮೋಡ ಇದ್ದರೆ ಬೇಡ.

ತಿರುಗಿಸಿದ ಮೇಲೆ ಹಾಸಿನ ಅಗಲ 30 ಸೆಂ.ಮೀ. ಸೆಂಟಿಮೀಟರಿಗೆ 3 ಎಳೆಯಂತೆ 90, ಅಂಚಿಗೆ ಒಂದು ಸೇರಿ 91. ಇವುಗಳಲ್ಲಿ 1ರಿಂದ 54 ನೀರು, 55ರಿಂದ 91 ಮರ ಮತ್ತು ಆಕಾಶ. ನೇಯ್ಗೆ ಚಿತ್ರದ ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗುತ್ತದೆ. ತಲೆಯನ್ನು ವಾಲಿಸಿಕೊಂಡೇ ನೋಡಬೇಕು; ಎರಡು ದಿನಕ್ಕೆ ಅಭ್ಯಾಸವಾಗುತ್ತದೆ.

ಹಾಸು

ಹಾಸಿಗೆ ಹಿಗ್ಗದ, ಹುರಿ ಮಾಡಿದ ಹತ್ತಿ ದಾರವೇ ಬೇಕು. ಉಣ್ಣೆ ಹಾಸು ಹಾಕುವ ಆಸೆ ಬೇಡ. ಕಂಬಳಿ ನೇಯುವವರು ಹಾಸಿಗೂ ಉಣ್ಣೆ ಹಾಕುತ್ತಾರೆ ನಿಜ, ಆದರೆ ಅದಕ್ಕೆ ಹುಣಸೆಬೀಜದ ಗಂಜಿ ಕೊಡುತ್ತಾರೆ, ಆ ಹದ ಕೈಗೆ ಬರಲು ಕಾಲ ಬೇಕು. ಚೌಕಟ್ಟಿನ ಮೇಲಿನ ಮತ್ತು ಕೆಳಗಿನ ಮರದ ಪಟ್ಟಿಗಳ ನಡುವೆ 75 ಸೆಂ.ಮೀ. ಇರಲಿ: 45 ಚಿತ್ರಕ್ಕೆ, ಎರಡು ತುದಿಗೂ ಹತ್ತತ್ತು ಗಂಟಿಗೆ, ಉಳಿದದ್ದು ಕೈಯಾಡಲು.

ಮೊಳೆ ಹೊಡೆಯಬೇಡಿ. ಸೆಂಟಿಮೀಟರಿಗೆ ಮೂರು ಮೊಳೆ ಹೊಡೆದರೆ ಪಟ್ಟಿ ಸೀಳುತ್ತದೆ. ಬದಲಿಗೆ ಮೇಲಿನ ಪಟ್ಟಿಗೂ ಕೆಳಗಿನ ಪಟ್ಟಿಗೂ ಎಂಟರ ಆಕಾರದಲ್ಲಿ ದಾರ ಸುತ್ತಿ. ಒಂದು ಪೂರ್ತಿ ಸುತ್ತಿಗೆ ಎರಡು ಎಳೆ. 45 ಸುತ್ತು, ಮೇಲೊಂದು ಅರ್ಧ. ದಾರ ಸುಮಾರು 80 ಮೀಟರ್ ಬೇಕು, 90 ತಂದಿಟ್ಟುಕೊಳ್ಳಿ. ನಡುವೆ ದಾರಗಳು ಕತ್ತರಿಯಾಗುವುದರಿಂದ ಮೊದಲ ಸಂದು (ಹೊಕ್ಕು ತೂರಿಸಲು ಎಳೆಗಳ ನಡುವೆ ತೆರೆಯುವ ಜಾಗ) ತಾನಾಗಿಯೇ ಸಿಗುತ್ತದೆ, ಅದಕ್ಕೊಂದು ಚಪ್ಪಟೆ ಕೋಲು ತೂರಿಸಿ. ಎರಡನೆಯ ಸಂದಿಗೆ ಒಂದು ಬಿಟ್ಟು ಒಂದು ಎಳೆಗೆ ದಾರದ ಕುಣಿಕೆ ಹಾಕಿ, ಎಲ್ಲ ಕುಣಿಕೆಗಳನ್ನೂ ಒಂದು ಕೋಲಿಗೆ ಕಟ್ಟಿ.

ಬಿಗಿ ನೋಡಲು ಅಂಗೈಯನ್ನು ಹಾಸಿನ ಮೇಲೆ ಸವರಿ. ಒಂದೆರಡು ಎಳೆ ಸಡಿಲ ಸಿಕ್ಕರೆ ಆಗಲೇ ಸರಿಪಡಿಸಿ. ನೇಯುತ್ತಾ ಹೋದರೆ ತಾನೇ ಬಿಗಿಯಾಗುತ್ತದೆ ಎಂಬುದು ಸುಳ್ಳು, ಅಲ್ಲಿ ಬಟ್ಟೆ ಉಬ್ಬುತ್ತದೆ. ಆಮೇಲೆ ಪೂರ್ತಿ ಅಳತೆಯ ಚಿತ್ರವನ್ನು ಹಾಸಿನ ಹಿಂದೆ ಪಿನ್ ಮಾಡಿ, ಗೆರೆ ಬರುವ ಕಡೆ ಎಳೆಗಳ ಮೇಲೆ ನೀರಿಗೆ ಕದಡದ ಶಾಯಿಯಲ್ಲಿ ಗುರುತು ಹಾಕಿ. ಸಾದಾ ಸ್ಕೆಚ್ ಪೆನ್ನಿನ ಬಣ್ಣ ಕೊನೆಯಲ್ಲಿ ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಮಾಡುವಾಗ ಬಿಳಿ ಉಣ್ಣೆಗೆ ಏರುತ್ತದೆ.

ಉಣ್ಣೆ ಮತ್ತು ಬಣ್ಣ

ದಖ್ಖನಿ ಕುರಿಯ ಉಣ್ಣೆ ಒರಟು, ಮೈಗೆ ಚುಚ್ಚುತ್ತದೆ. ಗೋಡೆಗೆ ತೂಗುಹಾಕುವುದಕ್ಕೆ ಆ ಒರಟುತನವೇ ಚೆಂದ. ಕಪ್ಪು, ಕಂದು, ಬೂದು ಬಣ್ಣಗಳು ಕುರಿಯ ಮೈಯಲ್ಲೇ ಸಿಗುವುದರಿಂದ ನೀರು ಮತ್ತು ಕಾಂಡದ ಬಹುಪಾಲಿಗೆ ಬಣ್ಣ ಹಾಕುವ ಕೆಲಸವೇ ಇಲ್ಲ. ಎಷ್ಟು ಬೇಕೆಂದು ಊಹಿಸಬೇಡಿ. 10 ಸೆಂ.ಮೀ. ಚದರದ ತುಂಡು ನೇಯ್ದು, ಹೊಕ್ಕಿಗೆ ಹೋದ ನೂಲಿನ ತೂಕ ನೋಡಿ, 13.5ರಿಂದ ಗುಣಿಸಿ, ಅದರ ಮೇಲೆ ಕಾಲು ಭಾಗ ಸೇರಿಸಿ. ಅದೇ ತುಂಡು ಇನ್ನೂ ಎರಡು ವಿಷಯ ಹೇಳುತ್ತದೆ. ಎಷ್ಟು ಬಡಿದರೂ ಹಾಸು ಇಣುಕುತ್ತಿದ್ದರೆ ಹೊಕ್ಕು ದಪ್ಪವಾಯಿತು; ಬಟ್ಟೆ ಚಿಂದಿಯಂತೆ ಜೋಲುತ್ತಿದ್ದರೆ ತೆಳುವಾಯಿತು. ಸೆಂಟಿಮೀಟರಿಗೆ ಸುಮಾರು 12 ಸಾಲು ಕೂತರೆ ಹದ ಸರಿ.

ಕೆರೆಯಂಚಿನ ಪಾಚಿ ಹಸಿರಿಗೆ ದಾಳಿಂಬೆ ಸಿಪ್ಪೆ ಸಾಕು. 100 ಗ್ರಾಂ ಬಿಳಿ ಉಣ್ಣೆಯನ್ನು ಅಂಟುವಾಳದ ನೀರಲ್ಲಿ ತೊಳೆದು ಜಿಡ್ಡು ತೆಗೆಯಿರಿ; ಜಿಡ್ಡು ಉಳಿದ ಕಡೆ ಬಣ್ಣ ಹತ್ತದು. 4 ಲೀಟರ್ ನೀರಿಗೆ 15 ಗ್ರಾಂ ಪಟಿಕ ಕರಗಿಸಿ, ಉಣ್ಣೆ ಹಾಕಿ, ನಿಧಾನವಾಗಿ 80 ಡಿಗ್ರಿಗೆ ಏರಿಸಿ, ಒಂದು ಗಂಟೆ ಅಲ್ಲೇ ಇಟ್ಟು ಅದೇ ನೀರಲ್ಲಿ ಆರಲು ಬಿಡಿ. ಹಿಂದಿನ ರಾತ್ರಿ ನೆನೆಹಾಕಿದ 50 ಗ್ರಾಂ ಒಣ ಸಿಪ್ಪೆಯನ್ನು ಒಂದು ಗಂಟೆ ಕುದಿಸಿ, ಸೋಸಿ, ಆ ರಸದಲ್ಲಿ ಉಣ್ಣೆಯನ್ನು ಮುಕ್ಕಾಲು ಗಂಟೆ ಕಾಯಿಸಿದರೆ ಹಳದಿ ಬರುತ್ತದೆ. ಬೇರೆ ಪಾತ್ರೆಯಲ್ಲಿ 2 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಕರಗಿಸಿದ ಬಿಸಿನೀರಲ್ಲಿ ಹತ್ತು ನಿಮಿಷ ಅದ್ದಿದರೆ ಹಳದಿ ಮಂಕಾಗಿ ಪಾಚಿ ಬಣ್ಣಕ್ಕೆ ತಿರುಗುತ್ತದೆ. ಅನ್ನಭೇದಿ ಹೆಚ್ಚಾದರೆ ಬಣ್ಣ ಗಾಢವಾಗುತ್ತದೆ, ಜೊತೆಗೆ ಉಣ್ಣೆ ಪೆಡಸಾಗಿ ಮುರಿಯುತ್ತದೆ. ಕುದಿಯುವ ನೀರಿನಿಂದ ತಣ್ಣೀರಿಗೆ ಎಸೆದರೆ ನೂಲು ಮುದ್ದೆಗಟ್ಟುತ್ತದೆ. ಪಾತ್ರೆಗಳು ಅಡುಗೆಯವು ಆಗಬಾರದು.

ಕಾಂಡದ ಕಂದಿಗೆ ಜಾಲಿ ತೊಗಟೆಯನ್ನೇ ಬಳಸಬಹುದು, ಉಣ್ಣೆಯಷ್ಟೇ ತೂಕದ ತೊಗಟೆ. ಅದನ್ನು ಸೌದೆ ಅಂಗಡಿಯಿಂದ ತನ್ನಿ, ಸಂರಕ್ಷಿತ ಕೆರೆಯ ಮರಕ್ಕೆ ಕತ್ತಿ ಹಾಕಬೇಡಿ.

ನೀರು

ಈ ಕೆಲಸದ ಜೀವ ಇಲ್ಲಿದೆ. ಒಂದು ಸಾಲು ತಿಳಿ ಬೂದು, ಒಂದು ಸಾಲು ಕಡು ಬೂದು, ಹೀಗೆ ಬದಲಿಸುತ್ತಾ ಹೋದರೆ ತಿಳಿ ಬಣ್ಣ ಬೆಸ ಎಳೆಗಳನ್ನಷ್ಟೇ ಮುಚ್ಚುತ್ತದೆ, ಕಡು ಬಣ್ಣ ಸಮ ಎಳೆಗಳನ್ನು. ಮಗ್ಗದಲ್ಲಿ ನಿಂತ ಪಟ್ಟೆಗಳು ಕಾಣುತ್ತವೆ. ಚಿತ್ರವನ್ನು ತಿರುಗಿಸಿ ತೂಗುಹಾಕಿದಾಗ ಅವೇ ಮಲಗಿದ ತೆರೆಗಳು. ಆದರೆ 45 ಸೆಂ.ಮೀ. ಹೀಗೇ ಓಡಿಸಿದರೆ ನೀರಲ್ಲ, ಕಿಟಕಿಯ ಸರಳು. ಆದ್ದರಿಂದ ಅಲ್ಲಲ್ಲಿ ಒಂದೇ ಬಣ್ಣವನ್ನು ಎರಡು ಸಾಲು ಹಾಕಿ ಮುಂದುವರಿಯಿರಿ. ಬಣ್ಣಗಳು ಸಂದು ಬದಲಿಸಿಕೊಂಡು ಪಟ್ಟೆ ಒಂದು ಎಳೆ ಪಕ್ಕಕ್ಕೆ ಜರುಗುತ್ತದೆ, ತೆರೆ ಮುರಿಯುತ್ತದೆ. ಜರುಗುವ ಜಾಗ ಲೆಕ್ಕವಿಟ್ಟಂತೆ ಬರಬಾರದು: ಒಮ್ಮೆ 10 ಸಾಲಿಗೆ, ಒಮ್ಮೆ 26ಕ್ಕೆ, ಮತ್ತೆ 14ಕ್ಕೆ.

ಎರಡು ಬೂದುಗಳ ನಡುವಿನ ಅಂತರ ಕಡಿಮೆ ಇರಲಿ. ಬಿಳಿ-ಕಪ್ಪು ಹಾಕಿದರೆ ಕಣ್ಣು ಕುಕ್ಕುತ್ತದೆ. ಹೊಕ್ಕನ್ನು ಮೂರು ತೆಳು ನೂಲುಗಳ ಜೊತೆಯಾಗಿ ಹಿಡಿದು ಒಂದೊಂದನ್ನೇ ಬದಲಿಸಿದರೆ ಎರಡು ಬಣ್ಣದಿಂದ ನಾಲ್ಕು ಛಾಯೆ ಸಿಗುತ್ತದೆ. ದಡದ ಹಸಿರು ನೀರಿನ ಬೂದಿಗೆ ಕರಗುವುದು ಹೀಗೆ. ಸಾಲಿಗೊಂದು ಬಣ್ಣ ಬದಲಿಸುವ ಕ್ರಮದಲ್ಲಿ ಅಂಚಿನ ಎಳೆಯನ್ನು ಒಂದು ಬಣ್ಣ ಹಿಡಿದರೆ ಇನ್ನೊಂದು ತಪ್ಪಿಸಿಕೊಂಡು ಬರುತ್ತದೆ. ಹಿಂದಿರುಗುವಾಗ ಎರಡೂ ನೂಲನ್ನು ಒಂದಕ್ಕೊಂದು ಹೆಣೆದು ತನ್ನಿ.

ಕಾಂಡದ ಪ್ರತಿಬಿಂಬ ಅದೇ ಸಾಲುಗಳಲ್ಲಿ 54ನೇ ಎಳೆಯಿಂದ ಸುಮಾರು 20ನೆಯವರೆಗೆ ಇಳಿಯಲಿ. ಕಂದು ನೂಲಿನ ಜೊತೆ ಬೂದು ಸೇರಿಸಿ ತಿಳಿ ಮಾಡಿ. ಕಡು ವಸ್ತುವಿನ ನೆರಳು ನೀರಲ್ಲಿ ತುಸು ತಿಳಿ, ಬಿಳಿ ಹಕ್ಕಿಯ ನೆರಳು ತುಸು ಕಡು.

ನೀರಿನ ಗೆರೆ

54 ಮತ್ತು 55ನೇ ಎಳೆಗಳ ನಡುವೆ ಬಿಟ್ಟರೆ ಉದ್ದಕ್ಕೂ ಸೀಳು. ನೇರವಾಗಿ ತೂಗುವ ಬಟ್ಟೆಯಲ್ಲಿ ಸೀಳು ಮುಚ್ಚಿಕೊಂಡೇ ಇರುತ್ತದೆ. ತಿರುಗಿಸಿ ತೂಗುವ ಬಟ್ಟೆಯಲ್ಲಿ ಅದು ಮಲಗಿಬಿಡುತ್ತದೆ, ಕೆಳಗಿನ ಭಾರಕ್ಕೆ ಬಾಯಿ ತೆರೆಯುತ್ತದೆ. ಹಾಗಾಗಿ ಎರಡು ಕಡೆಯ ನೂಲುಗಳು ಸಂಧಿಸುವಾಗ ಪ್ರತಿ ಹೋಗಿಬರುವಿಕೆಗೂ ಒಮ್ಮೆ ಒಂದಕ್ಕೊಂದು ಕೊಂಡಿ ಹಾಕಿ. ಅದರ ಜೊತೆ ಗೆರೆಯನ್ನು ನಾಲ್ಕಾರು ಸಾಲಿಗೊಮ್ಮೆ ಒಂದು ಎಳೆ ಆಚೆ-ಈಚೆ ಸರಿಸಿ. ಕೆರೆಯ ಅಂಚು ಎಲ್ಲೂ ಸ್ಕೇಲಿಟ್ಟು ಎಳೆದಂತಿರುವುದಿಲ್ಲ. ಓರೆ ಕೊಂಬೆಗೂ ಇದೇ ಲೆಕ್ಕ: ಈ ಅಳತೆಯಲ್ಲಿ ನಾಲ್ಕು ಸಾಲಿಗೆ ಒಂದು ಎಳೆ ಸರಿದರೆ 45 ಡಿಗ್ರಿ ಓರೆ.

ಕೊಕ್ಕರೆಗೆ 2 ಸೆಂ.ಮೀ. ಚದರ ಸಾಕು, ಅಂದರೆ 6 ಎಳೆ, 24 ಸಾಲು. ಅಷ್ಟರಲ್ಲಿ ಬಿಳಿ ಮೈ, ಎದೆಯ ಕಪ್ಪು ಪಟ್ಟಿ, ಹಿಂಭಾಗದ ಗುಲಾಬಿ ಛಾಯೆ ಮೂಡುತ್ತವೆ. ಕೊಕ್ಕನ್ನು ನೇಯಲು ಹೋಗಬೇಡಿ, ಮೆಟ್ಟಿಲು ಮೆಟ್ಟಿಲಾಗುತ್ತದೆ. ನೇಯ್ದ ಮೇಲೆ ಸೂಜಿಯಲ್ಲಿ ಕಿತ್ತಳೆ-ಹಳದಿ ನೂಲು ಪೋಣಿಸಿ ನಾಲ್ಕು ಹೊಲಿಗೆ ಹಾಕಿ.

ನಡು ಸಣ್ಣಗಾಗುವುದು

ಎಲ್ಲ ಕಲಿಯುವವರಿಗೂ ಆಗುವ ತಪ್ಪು ಇದು. ಹೊಕ್ಕನ್ನು ನೇರವಾಗಿ ಎಳೆದು ಬಡಿದರೆ ಎಳೆಗಳ ಮೇಲೆ-ಕೆಳಗೆ ಹೋಗಲು ಬೇಕಾದ ಉದ್ದ ಸಿಗದೆ ಅದು ಅಂಚನ್ನು ಒಳಗೆ ಎಳೆದುಕೊಳ್ಳುತ್ತದೆ. ಪ್ರತಿ ಸಾಲನ್ನೂ ಗುಡ್ಡದಂತೆ ಬಾಗಿಸಿಟ್ಟು, ಆ ಗುಡ್ಡವನ್ನು ಮೂರ್ನಾಲ್ಕು ಕಡೆ ಬೆರಳಲ್ಲಿ ಒತ್ತಿ, ಆಮೇಲೆ ಫೋರ್ಕಿನಿಂದಲೋ ಹಣಿಗೆಯಿಂದಲೋ ಬಡಿಯಿರಿ. ಪ್ರತಿ 2 ಸೆಂ.ಮೀ.ಗೆ ಅಗಲ ಅಳೆಯಿರಿ. 30 ಇದ್ದದ್ದು 29.5 ಆದರೆ ಎಚ್ಚರ. 29 ಆದರೆ ಬಿಚ್ಚಿ. ಮುಂದೆ ಸಡಿಲ ಮಾಡಿ ಸರಿದೂಗಿಸಿದ್ದು ಗೋಡೆಯ ಮೇಲೆ ಸೊಂಟದ ಹಾಗೆ ಕಾಣುತ್ತದೆ.

ಇಳಿಸುವುದು

ಕೊನೆಯ ಐದಾರು ಸೆಂಟಿಮೀಟರಿನಲ್ಲಿ ಸಂದು ತೆರೆಯುವುದಿಲ್ಲ, ದೊಡ್ಡ ಸೂಜಿಯಲ್ಲಿ ನೇಯಬೇಕಾಗುತ್ತದೆ. ಹಾಸನ್ನು ಕತ್ತರಿಸಿ, ನಾಲ್ಕು ನಾಲ್ಕು ಎಳೆ ಸೇರಿಸಿ ಗಂಟು ಹಾಕಿ, ಒಂದು ರಾತ್ರಿ ಸಮತಟ್ಟಾಗಿ ಮಲಗಿಸಿ. ಹಿಂಬದಿಗೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆಯನ್ನು ಇಟ್ಟು ಎತ್ತಿ, ಉಜ್ಜಬೇಡಿ. ಕುಚ್ಚುಗಳು ಈಗ ಚಿತ್ರದ ಎಡ-ಬಲಕ್ಕೆ ಬರುವುದರಿಂದ ಹಿಂದಕ್ಕೆ ಮಡಚಿ ಹೊಲಿಯಿರಿ. ಮೇಲಂಚಿನ ಹಿಂದೆ ಪೂರ್ತಿ 45 ಸೆಂ.ಮೀ. ವೆಲ್ಕ್ರೋ ಹೊಲಿದು, ಅದರ ಜೋಡಿಯನ್ನು ಮರದ ಪಟ್ಟಿಗೆ ಅಂಟಿಸಿ ಗೋಡೆಗೆ ಬಿಗಿಯಿರಿ. ಎರಡು ಮೂಲೆಗಷ್ಟೇ ಕೊಂಡಿ ಹಾಕಿದರೆ ನಡುಭಾಗ ಜೋತು ನೀರಿನ ಗೆರೆ ಬಾಗುತ್ತದೆ. ನೇರ ಬಿಸಿಲು ಬೀಳುವ ಗೋಡೆ ಬೇಡ, ಬಣ್ಣ ಮಂಕಾಗುತ್ತದೆ. ತಿಂಗಳಿಗೊಮ್ಮೆ ಇಳಿಸಿ ಹಿಂಬದಿ ಕೊಡವಿ. ನುಸಿ ಮೊಟ್ಟೆ ಇಡುವುದು ಕತ್ತಲಿರುವ ಆ ಬದಿಯಲ್ಲೇ.