ಹೊಸ ಸ್ಟೀಲ್ ಫರ್ಮೆಂಟರ್: ಮೊದಲು ಜಿಡ್ಡು, ಆಮೇಲೆ ಆಮ್ಲ

ಬಿಯರ್‌ನ ರುಚಿ ಯಾಕೆ ಕೆಡುತ್ತದೆ ಅಂತ ಓದುವಾಗ ನಮ್ಮ ಗಮನವೆಲ್ಲ ಯೀಸ್ಟ್, ಮಾಲ್ಟ್, ತಾಪಮಾನದ ಕಡೆಗೇ ಹೋಗುತ್ತದೆ. ಬಿಯರ್ ಹುದುಗಿಸುವ ಪಾತ್ರೆ (ಫರ್ಮೆಂಟರ್) ಹೊಸದಾಗಿದ್ದರೆ ಅದು ಸ್ವಚ್ಛವೆಂದೇ ಲೆಕ್ಕ. ಫರ್ಮೆಂಟೇಶನ್ ಪ್ರಾಕ್ಟಿಕಲ್‌ಗೆ ಓದುವಾಗ ನನ್ನನ್ನು ಹೆಚ್ಚು ಕಾಡಿದ್ದು ಈ ಭಾಗವೇ, ಅದಕ್ಕೇ ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. (ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಇದು ಲ್ಯಾಬಿನ ಪಾತ್ರೆಗೆ ಬರೆದದ್ದು. ಮಜ್ಜಿಗೆಗೋ ಶುಂಠಿ ಪಾನೀಯಕ್ಕೋ ತಂದ ಹೊಸ ಕ್ಯಾನಿಗೂ ಇದೇ ಕ್ರಮ ಸಾಕು.)

ಜಿಡ್ಡು

ಕಾರ್ಖಾನೆಯಿಂದ ಬಂದ ಪಾತ್ರೆಯ ಮೇಲೆ ಮಷಿನ್ ಎಣ್ಣೆ, ಪಾಲಿಶ್‌ನ ಮೇಣ, ಲೋಹದ ಪುಡಿ ಇರುತ್ತವೆ. ಜಿಡ್ಡು ಉಳಿದರೆ ಬಿಯರ್‌ನ ನೊರೆ ನಿಲ್ಲುವುದಿಲ್ಲ, ಹಳೆ ಎಣ್ಣೆಯ ವಾಸನೆಯೂ ಸೇರಿಕೊಳ್ಳುತ್ತದೆ.

ವಾಷಿಂಗ್ ಸೋಡಾ ಒಂದೇ ಸಾಕು ಅನ್ನುವುದು ಸಾಮಾನ್ಯ ನಂಬಿಕೆ. ಆದರೆ ಸೋಡಾದ ಕ್ಷಾರ ಅಡುಗೆ ಎಣ್ಣೆಯನ್ನು ಸಾಬೂನಾಗಿಸಬಲ್ಲದು, ಪೆಟ್ರೋಲಿಯಂನಿಂದ ಬಂದ ಮಷಿನ್ ಎಣ್ಣೆಯನ್ನಲ್ಲ. ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಕೂಡ ಬೇಕು. ನಾನು ಎಲ್ಲರಿಗೂ ಹೇಳುವ ಉಪಾಯವೆಂದರೆ, ನೀರು ಮುಟ್ಟಿಸುವ ಮೊದಲೇ ಬಿಳಿ ಬಟ್ಟೆಗೆ ಸ್ವಲ್ಪ ಶೇಂಗಾ ಎಣ್ಣೆ ಹಚ್ಚಿ ಒಳಗೆಲ್ಲ ಒರೆಸುವುದು. ಜಿಡ್ಡನ್ನು ಜಿಡ್ಡೇ ಕರಗಿಸುತ್ತದೆ, ಪಾಲಿಶ್‌ನ ಕಪ್ಪೆಲ್ಲ ಬಟ್ಟೆಗೆ ಬರುತ್ತದೆ. ಬಟ್ಟೆ ಕಪ್ಪಾಗುವುದು ನಿಲ್ಲುವ ತನಕ ಒರೆಸಿ. ಆಮೇಲೆ ಬಿಸಿನೀರು, ಲಿಕ್ವಿಡ್, ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ. ಕೈಗೆ ಗ್ಲೌಸ್ ಇರಲಿ. ಅಡುಗೆ ಸೋಡಾ ಇಲ್ಲಿ ನಡೆಯುವುದಿಲ್ಲ: ಅದರ ದ್ರಾವಣದ ಪಿಎಚ್ 8ರ ಆಸುಪಾಸು, ವಾಷಿಂಗ್ ಸೋಡಾದ್ದು 11ರ ಆಸುಪಾಸು.

ಜಿಡ್ಡು ಹೋಯಿತೋ ಇಲ್ಲವೋ ಕಂಡುಹಿಡಿಯುವುದು ಸುಲಭ. ಒಳಗೆ ನೀರು ಹಾಯಿಸಿ. ನೀರು ಒಂದೇ ತೆಳು ಹಾಳೆಯಾಗಿ ಇಳಿದರೆ ಸರಿ, ಹನಿಹನಿಯಾಗಿ ಒಡೆದರೆ ಮತ್ತೆ ತೊಳೆಯಬೇಕು.

ಆಮ್ಲ (ನಾನು ಸಿಕ್ಕಿಬಿದ್ದ ಜಾಗ)

"ಪ್ಯಾಸಿವೇಶನ್‌ಗೆ ಸಿಟ್ರಿಕ್ ಆ್ಯಸಿಡ್" ಅಂತ ನೋಟ್ಸಿನಲ್ಲಿತ್ತು. (ಪ್ಯಾಸಿವೇಶನ್ ಅಂದರೆ ಸ್ಟೀಲ್ ತುಕ್ಕು ಹಿಡಿಯದಂತೆ ಮಾಡುವುದು.) ಆಮ್ಲವೇ ಸ್ಟೀಲಿನ ಮೇಲೆ ಒಂದು ಪದರ ಬಳಿಯುತ್ತದೆ ಅಂತ ಅದರಿಂದ ಅನಿಸುತ್ತದೆ. ದೋಸೆ ಹಂಚಿಗೆ ಎಣ್ಣೆ ಹಚ್ಚಿ ಪಳಗಿಸುತ್ತೇವಲ್ಲ, ಅಂಥದ್ದೇ ಏನೋ ಅಂತ. ಇಲ್ಲಿ ನಡೆಯುವುದು ಅದರ ಉಲ್ಟಾ.

ಬ್ರೂಯಿಂಗ್ ಪಾತ್ರೆಗಳಲ್ಲಿ ಹೆಚ್ಚಾಗಿ ಬಳಸುವ 304 ಸ್ಟೀಲಿನಲ್ಲಿ ಸುಮಾರು 18% ಕ್ರೋಮಿಯಂ, 8% ನಿಕಲ್ ಇರುತ್ತವೆ. ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪೊರೆ ತಾನಾಗಿಯೇ ಕಟ್ಟಿಕೊಳ್ಳುತ್ತದೆ. ಪೊರೆ ಕಟ್ಟುವುದು ಗಾಳಿ. ಆಮ್ಲದ ಕೆಲಸ ಬೇರೆ: ಮೇಲ್ಮೈಗೆ ಅಂಟಿಕೊಂಡ ಬಿಡಿ ಕಬ್ಬಿಣದ ಕಣಗಳನ್ನು ಕರಗಿಸಿ ತೆಗೆಯುವುದು. ಆ ಕಣಗಳಿದ್ದಲ್ಲಿ ಪೊರೆ ಕೂಡಿಕೊಳ್ಳುವುದಿಲ್ಲ. ಅಲ್ಲೇ ತುಕ್ಕು ಶುರುವಾಗುತ್ತದೆ, ಅಲ್ಲಿಂದಲೇ ಬಿಯರ್‌ಗೆ ಕಬ್ಬಿಣದ ರುಚಿ ಇಳಿಯುತ್ತದೆ. ಇಷ್ಟು ತಿಳಿದ ಮೇಲೆ ಕ್ರಮ ಬಾಯಿಪಾಠ ಮಾಡಬೇಕಾಗಿಲ್ಲ. ಎಣ್ಣೆಯ ಕೆಳಗಿರುವ ಕಬ್ಬಿಣವನ್ನು ಆಮ್ಲ ಮುಟ್ಟಲಾರದು, ಹಾಗಾಗಿ ಜಿಡ್ಡು ಮೊದಲು ಹೋಗಬೇಕು. ಗಾಳಿ ತಾಗದೆ ಪೊರೆ ಕಟ್ಟುವುದಿಲ್ಲ, ಹಾಗಾಗಿ ಕೊನೆಗೆ ತೊಳೆದು, ಮುಚ್ಚಳ ತೆಗೆದು ಪೂರ್ತಿ ಒಣಗಿಸಬೇಕು.

ಎಎಸ್‌ಟಿಎಂ ಎ967 ಎಂಬ ಸ್ಟೀಲ್ ಪ್ಯಾಸಿವೇಶನ್ ಮಾನದಂಡದಲ್ಲಿ ಸಿಟ್ರಿಕ್ ಆ್ಯಸಿಡ್ ತೂಕದಲ್ಲಿ 4ರಿಂದ 10%. ದ್ರಾವಣ 60–71 ಡಿಗ್ರಿ ಸೆಲ್ಸಿಯಸ್ ಬಿಸಿ ಇದ್ದರೆ ಕನಿಷ್ಠ 4 ನಿಮಿಷ, 49–60 ಇದ್ದರೆ 10, 21–49 ಇದ್ದರೆ 20 ನಿಮಿಷ. ರಾಯಚೂರಿನ ಬೇಸಿಗೆಯಲ್ಲಿ ಮಾಳಿಗೆ ಮೇಲಿನ ಟ್ಯಾಂಕಿನ ನೀರನ್ನು ಕಾಯಿಸುವುದೇ ಬೇಡ, ಕೊನೆಯ ಲೆಕ್ಕಕ್ಕೆ ತಾನೇ ಬಂದಿರುತ್ತದೆ. ಕಿರಾಣಿ ಅಂಗಡಿಯ ಲಿಂಬಿ ಉಪ್ಪು (ಅದೇ ಸಿಟ್ರಿಕ್ ಆ್ಯಸಿಡ್) ಲೀಟರ್ ನೀರಿಗೆ 50 ಗ್ರಾಂ ಹಾಕಿದರೆ ಹತ್ತಿರಹತ್ತಿರ 5% ಆಗುತ್ತದೆ. ಪಾತ್ರೆ ತುಂಬಾ ಸುರಿಯಬೇಕಿಲ್ಲ. ದ್ರಾವಣದಲ್ಲಿ ಅದ್ದಿದ ಬಟ್ಟೆಯನ್ನು ಒಳಗೋಡೆಗೆ ಹಾಸಿ, ಆರದಂತೆ ಮತ್ತೆಮತ್ತೆ ತೋಯಿಸುತ್ತಿದ್ದರೂ ಆಗುತ್ತದೆ.

ಆಮ್ಲ ಅಂದಾಕ್ಷಣ ಬಾತ್‌ರೂಮ್ ತೊಳೆಯುವ ಆ್ಯಸಿಡ್‌ಗೆ ಮಾತ್ರ ಕೈ ಹಾಕಬೇಡಿ. ಅದು ಹೈಡ್ರೋಕ್ಲೋರಿಕ್, ಅದರ ಕ್ಲೋರೈಡ್ ಪೊರೆಯನ್ನೇ ತೂತು ಮಾಡುತ್ತದೆ. ಬ್ಲೀಚ್ ಕೂಡ ಬೇಡ. ಪಾತ್ರೆಗೆ ಹಾನಿ ಒಂದು ಕಡೆ, ಉಳಿದ ಕ್ಲೋರಿನ್ ಬಿಯರ್‌ನ ಫೀನಾಲ್‌ಗಳ ಜೊತೆ ಸೇರಿ ಆಸ್ಪತ್ರೆಯಂಥ ವಾಸನೆ ಕೊಡುವುದು ಇನ್ನೊಂದು ಕಡೆ. ಬ್ಲೀಚಿಗೆ ಯಾವ ಆಮ್ಲ ಬೆರೆತರೂ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಊರಲ್ಲಿ ಮಾಡಿಸಿದ ಪಾತ್ರೆ

ನಲ್ಲಿ ಕೂರಿಸಲು ತೂತು ಹಾಕಿಸುವುದು ನಮ್ಮಲ್ಲಿ ವೆಲ್ಡಿಂಗ್ ಅಂಗಡಿಯಲ್ಲೇ. ಗೇಟು, ಕಿಟಕಿ ಸರಳು ಉಜ್ಜಿದ ಗ್ರೈಂಡರ್ ಚಕ್ರವೇ ನಮ್ಮ ಸ್ಟೀಲಿಗೂ ಬಂದರೆ ಸಾದಾ ಕಬ್ಬಿಣದ ಕಣ ಒಳಗೆ ನಾಟಿಕೊಳ್ಳುತ್ತದೆ. ಹೊಸ ಚಕ್ರ ಹಾಕಿ ಅಂತ ಮೊದಲೇ ಕೇಳಿ. ಬೆಸುಗೆಯ ಸುತ್ತ ಹಳದಿ, ನೀಲಿ ಬಣ್ಣ ಕಂಡರೆ ಅದರಡಿ ಕ್ರೋಮಿಯಂ ಕಡಿಮೆಯಾಗಿದೆ ಎಂದರ್ಥ. ಲಿಂಬಿ ಉಪ್ಪಿಗೆ ಅದು ಜಗ್ಗುವುದಿಲ್ಲ, ಪಿಕ್ಲಿಂಗ್ ಪೇಸ್ಟ್ (ಬೆಸುಗೆಯ ಕಲೆ ತೆಗೆಯುವ ಕಡು ಆಮ್ಲದ ಪೇಸ್ಟ್) ಬೇಕು. ಆ ಪೇಸ್ಟಿನಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುವುದರಿಂದ ಆ ಕೆಲಸ ಅಂಗಡಿಯವರಿಗೇ ಬಿಡಿ. ಉಜ್ಜಲು ಕಬ್ಬಿಣದ ತಂತಿ ಬ್ರಷ್ ಬೇಡ.

ನಲ್ಲಿಯ ಬಾಲ್ ವಾಲ್ವ್ ಬಿಚ್ಚಿಯೇ ತೊಳೆಯಬೇಕು, ಎಣ್ಣೆ ಅದರ ಹೊಟ್ಟೆಯಲ್ಲೇ ಅಡಗಿರುತ್ತದೆ.

ಬೋರ್‌ವೆಲ್ ನೀರು ಗಡುಸಾಗಿದ್ದರೆ ವಾಷಿಂಗ್ ಸೋಡಾ ಅದರ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಪುಡಿ ಬಿಡುತ್ತದೆ. ಅದು ಸುಣ್ಣ, ಮುಂದೆ ಆಮ್ಲ ಹಾಕಿದಾಗ ಹೋಗುತ್ತದೆ. ಕೊನೆಯ ತೊಳೆತಕ್ಕೆ ಆರ್‌ಒ ನೀರು ಒಳ್ಳೆಯದು.

ಇಷ್ಟೆಲ್ಲ ಒಮ್ಮೆ ಮಾಡುವ ಕೆಲಸ. ಸ್ಯಾನಿಟೈಸ್ ಮಾಡುವುದು ಬೇರೆ, ಅದು ಪ್ರತಿ ಬ್ಯಾಚಿಗೂ ವರ್ಟ್ (ಹುದುಗುವ ಮುಂಚಿನ ಮಾಲ್ಟ್ ರಸ) ಸುರಿಯುವ ಸ್ವಲ್ಪ ಮುಂಚೆ.

ಪರೀಕ್ಷೆ

ಬಿಯರ್‌ನ ಪಿಎಚ್ ಸುಮಾರು 4ರಿಂದ 4.5. ನೀರಿಗೆ ಚಿಟಿಕೆ ಲಿಂಬಿ ಉಪ್ಪು ಬೆರೆಸಿ ಅಷ್ಟಕ್ಕೆ ತಂದು, ರಾತ್ರಿಯಿಡೀ ಫರ್ಮೆಂಟರ್‌ನಲ್ಲಿಡಿ. ಅದೇ ನೀರು ಒಂದು ಗಾಜಿನ ಲೋಟದಲ್ಲೂ ಇರಲಿ. ಬೆಳಿಗ್ಗೆ ಎರಡರ ಹನಿಗಳನ್ನೂ ಒಂದೊಂದು ಮುಂಗೈ ಹಿಂಭಾಗಕ್ಕೆ ಉಜ್ಜಿ ಮೂಸಿ ನೋಡಿ. ಕರಗಿದ ಕಬ್ಬಿಣ ಚರ್ಮದ ಕೊಬ್ಬಿನ ಜೊತೆ ಸೇರಿದಾಗಲೇ ಆ ನಾಣ್ಯದ ವಾಸನೆ ಏಳುವುದು, ಆದ್ದರಿಂದ ನಾಲಿಗೆಗೆ ತಪ್ಪಿದ್ದು ಕೈಗೆ ಸಿಗುತ್ತದೆ. ಪಾತ್ರೆಯ ನೀರು ಮಾತ್ರ ಹಾಗೆ ನಾತ ಬಂದರೆ ಆಮ್ಲದ ಹಂತ ಇನ್ನೊಮ್ಮೆ ಮಾಡಿ. ಎರಡೂ ಬಂದರೆ ಕಬ್ಬಿಣ ನೀರಿನಲ್ಲೇ ಇದೆ, ಪಾತ್ರೆ ಉಜ್ಜಿ ಉಪಯೋಗವಿಲ್ಲ.