ಹೈಡ್ರೋಜನ್ ಲೆಕ್ಕಕ್ಕಿಂತ ಜಾಸ್ತಿ ಬಂದರೆ ಮೊದಲು ಮೀಟರ್ ನೋಡಿ

ಹಿಂದೊಮ್ಮೆ ಕರೆಂಟ್ ಹಾಯಿಸಿ ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುವ ಒಂದು ಯಂತ್ರದ, ಅಂದರೆ ಎಲೆಕ್ಟ್ರೊಲೈಸರ್‌ನ ಪರೀಕ್ಷಾ ವರದಿ ನನ್ನ ಮೇಜಿಗೆ ಬಂತು. 20 ಸೆಲ್‌ಗಳನ್ನು ಒಂದರ ಪಕ್ಕ ಒಂದು ಜೋಡಿಸಿದ ಸ್ಟ್ಯಾಕ್, ಎಲ್ಲದರಲ್ಲೂ ಹರಿಯುವುದು ಅದೇ 100 ಆಂಪಿಯರ್ ಕರೆಂಟ್. ಗಂಟೆಗೆ 90 ಗ್ರಾಂಗಿಂತ ಜಾಸ್ತಿ ಹೈಡ್ರೋಜನ್ ಬಂದಿದೆ ಅಂತ ಬರೆದಿದ್ದರು. ಅದು ಸಾಧ್ಯವೇ ಇಲ್ಲ. ಒಂದು ಸೆಲ್‌ನಲ್ಲಿ ಒಂದು ಗ್ರಾಂ ಹೈಡ್ರೋಜನ್ ಹುಟ್ಟಲು ಸುಮಾರು 26.6 ಆಂಪಿಯರ್-ಗಂಟೆ ಬೇಕೇ ಬೇಕು. ಆ ಲೆಕ್ಕದಲ್ಲಿ ಹೆಚ್ಚೆಂದರೆ 75 ಗ್ರಾಂ.

ಯಾರೂ ಮೋಸ ಮಾಡಿರಲಿಲ್ಲ. 60 ಡಿಗ್ರಿಯ ಒದ್ದೆ ಗ್ಯಾಸನ್ನು ನೇರವಾಗಿ ಫ್ಲೋ ಮೀಟರ್‌ಗೆ ಬಿಟ್ಟಿದ್ದರು, ಅಷ್ಟೆ. ಆ ಬಿಸಿಯಲ್ಲಿ, ಹೊರಗಿನ ಗಾಳಿಯಷ್ಟೇ ಒತ್ತಡವಿದ್ದರೆ, ಗ್ಯಾಸಿನ ಹೆಚ್ಚುಕಡಿಮೆ ಐದನೇ ಒಂದು ಪಾಲು ನೀರಾವಿ. ಮೀಟರ್ ಅದನ್ನೂ ಹೈಡ್ರೋಜನ್ ಅಂತಲೇ ಎಣಿಸಿತ್ತು. ಗ್ಯಾಸನ್ನು ತಣಿಸಿ, ಒಣಗಿಸಿ ಮತ್ತೆ ಅಳೆದಾಗ 73 ಗ್ರಾಂ ಬಂತು.

ಅಂದಿನಿಂದ ನಾನು ಮೂರು ಲೆಕ್ಕ ಕೇಳುತ್ತೇನೆ: ಹರಿದ ಕರೆಂಟ್, ಒಣಗಿಸಿ ಅಳೆದ ಗ್ಯಾಸ್, ಖರ್ಚಾದ ನೀರು. ಒಂದು ಕಿಲೋ ಹೈಡ್ರೋಜನ್‌ಗೆ ಸುಮಾರು 9 ಕಿಲೋ ನೀರು. ಮೂರೂ ತಾಳೆಯಾಗದಿದ್ದರೆ ಮುಂದಿನ ಪುಟ ಓದುವುದಿಲ್ಲ.

ರೀಜನರೇಟಿವ್ ಫ್ಯೂಯೆಲ್ ಸೆಲ್‌ನಲ್ಲಿ ನೀರಿನ ಲೆಕ್ಕ ಇನ್ನೂ ಮುಖ್ಯ. ಬಿಸಿಲಿದ್ದಾಗ ನೀರನ್ನು ಒಡೆದು ಎರಡೂ ಗ್ಯಾಸ್ ಕೂಡಿಡುವುದು, ಕತ್ತಲಾದಾಗ ಅವನ್ನೇ ಸೇರಿಸಿ ಕರೆಂಟ್ ಪಡೆಯುವುದು. ಚಂದ್ರನ ರಾತ್ರಿ ನಮ್ಮ 14 ದಿನಗಳಷ್ಟು ಉದ್ದ. ಅಷ್ಟು ಹೊತ್ತಿಗೆ ಬ್ಯಾಟರಿ ಹೊರುವುದು ತುಂಬಾ ಭಾರ ಅಂತಲೇ ನಾಸಾ ಇದರ ಮೇಲೆ ಕೆಲಸ ಮಾಡುತ್ತಿದೆ. ಸೋರಿದ ನೀರನ್ನು ಅಲ್ಲಿ ತುಂಬಿಸುವವರು ಯಾರು? ಒಡೆಯಲು ಸೆಲ್‌ಗೆ 1.8 ವೋಲ್ಟ್ ಕೊಟ್ಟು, ವಾಪಸ್ 0.7 ವೋಲ್ಟ್ ಪಡೆದರೆ ಸಿಗುವುದು ಶೇ. 39 ಮಾತ್ರ. ಪಂಪು, ಡ್ರೈಯರ್‌ಗಳ ಖರ್ಚು ಇನ್ನೂ ಕಳೆಯಬೇಕು.

ಪೂರ್ತಿ ಲೋಡ್‌ನಲ್ಲಷ್ಟೇ ಪರೀಕ್ಷಿಸುವುದು ನನಗೆ ಒಪ್ಪಿಗೆಯಿಲ್ಲ. ಎರಡೂ ಗ್ಯಾಸ್ ಬೆರೆಯದಂತೆ ಸೆಲ್ ನಡುವೆ ಇರುವ ತೆಳು ಪೊರೆ, ಅಂದರೆ ಮೆಂಬ್ರೇನ್ ಮೂಲಕ ಹೈಡ್ರೋಜನ್ ಸ್ವಲ್ಪ ಸ್ವಲ್ಪ ಆಕ್ಸಿಜನ್ ಕಡೆ ನುಸುಳುತ್ತಲೇ ಇರುತ್ತದೆ. ಮೋಡ ಕವಿದು ಲೋಡ್ ಹತ್ತನೇ ಒಂದಕ್ಕೆ ಇಳಿದರೆ ಆಕ್ಸಿಜನ್ ಕಮ್ಮಿ ಹುಟ್ಟುತ್ತದೆ, ನುಸುಳುವುದು ಅಷ್ಟು ಕಮ್ಮಿಯಾಗುವುದಿಲ್ಲ. ಆಕ್ಸಿಜನ್ ಜೊತೆ ಸೇರಿದ ಹೈಡ್ರೋಜನ್ ಶೇ. 4 ದಾಟಿದರೆ ಅದು ಹೊತ್ತಿಕೊಳ್ಳುವ ಮಿಶ್ರಣ. ಶೇ. 2ಕ್ಕೇ ಯಂತ್ರ ನಿಲ್ಲುತ್ತದೆಯಾ ಅಂತ ನಾನು ಕಣ್ಣಾರೆ ನೋಡುತ್ತೇನೆ.

ಬಾಳಿಕೆ ಪರೀಕ್ಷೆಗೆ ತಾಳ್ಮೆ ಬೇಕು. ಸೆಲ್ ಹಳತಾದಂತೆ ಅಷ್ಟೇ ಕರೆಂಟಿಗೆ ಬೇಕಾಗುವ ವೋಲ್ಟೇಜ್ ಏರುತ್ತಾ ಹೋಗುತ್ತದೆ. ಗಂಟೆಗೆ 5 ಮೈಕ್ರೋವೋಲ್ಟ್ ಏರಿಕೆ ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? 40,000 ಗಂಟೆಗೆ ಅದು 0.2 ವೋಲ್ಟ್. ಆದರೆ 1,000 ಗಂಟೆಯ ಪರೀಕ್ಷೆಯಲ್ಲಿ ಕಾಣುವುದು ಬರೀ 5 ಮಿಲಿವೋಲ್ಟ್. ನೀರಿನ ಬಿಸಿ ಒಂದೆರಡು ಡಿಗ್ರಿ ಆಚೀಚೆ ಆದರೂ ವೋಲ್ಟೇಜ್ ಅಷ್ಟು ಬದಲಾಗುತ್ತದೆ. ಅದಕ್ಕೇ ವೋಲ್ಟೇಜ್ ಗ್ರಾಫ್ ತಂದವರನ್ನು ಅದೇ ದಿನಗಳ ತಾಪಮಾನದ ಗ್ರಾಫನ್ನೂ ಪಕ್ಕದಲ್ಲಿಡಿ ಅನ್ನುತ್ತೇನೆ.