ಕುಲಾಂತರಿ ಮರ: ಪರಾಗ ಹಾರಿದರೆ ಲಾಭವೋ, ನಷ್ಟವೋ?

ಕುಲಾಂತರಿ ಹತ್ತಿ ಬೇಡವೆನಿಸಿದರೆ ಮುಂದಿನ ಹಂಗಾಮಿಗೆ ಬೇರೆ ಬೀಜ ಬಿತ್ತಬಹುದು. ಮರ ಹಾಗಲ್ಲ. ದಶಕಗಟ್ಟಲೆ ನಿಂತು ಹೂ ಬಿಡುತ್ತದೆ. ಪೈನ್ ಪರಾಗವಂತೂ 40 ಕಿಲೋಮೀಟರ್ ದೂರ ಹೋದ ಮೇಲೂ ಮೊಳೆಯಬಲ್ಲದು. ಕುಲಾಂತರಿ ಮರ ಬೇಕೇ ಬೇಡವೇ ಎಂಬ ಜಗಳ ಬಗೆಹರಿಯದಿರುವುದು ಅದಕ್ಕೇ.

1987ರಲ್ಲಿ ಪಾಪ್ಲರ್‌ಗೆ ಹೊರಗಿನ ಜೀನ್ ಸೇರಿತು. 2002ರಲ್ಲಿ ಚೀನಾ ಬಿಟಿ ಪಾಪ್ಲರ್ (ಕೀಟ ಕೊಲ್ಲುವ ಬ್ಯಾಕ್ಟೀರಿಯಾದ ಜೀನ್ ಇರುವ ಮರ) ನೆಡಲು ಒಪ್ಪಿತು. 2006ರಲ್ಲಿ ಜೀವವೈವಿಧ್ಯ ಒಪ್ಪಂದದ ದೇಶಗಳು ಕುಲಾಂತರಿ ಮರಗಳ ವಿಷಯದಲ್ಲಿ 'ಹುಷಾರು' ಎಂದವು. 2015ರಲ್ಲಿ ಬ್ರೆಜಿಲ್ ಹೆಚ್ಚು ಇಳುವರಿಯ ನೀಲಗಿರಿಗೆ ಅನುಮತಿ ಕೊಟ್ಟಿತು. ಇವೆಲ್ಲ ನೆಡುತೋಪಿನ ಮರಗಳು, ಪರಾಗ ಆಚೆ ಹೋಗಬಾರದೆಂಬುದೇ ಇಲ್ಲಿನ ಚಿಂತೆ. ಅಮೆರಿಕದ ಚೆಸ್ಟ್‌ನಟ್ ಎಂಬ ಕಾಡುಮರದ ಕಥೆ ಇದಕ್ಕೆ ತದ್ವಿರುದ್ಧ.

1904ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಈ ಮರಗಳ ತೊಗಟೆಗೆ ರೋಗ ಬಿದ್ದದ್ದು ಕಂಡಿತು. ಏಷ್ಯಾದಿಂದ ಬಂದ ಶಿಲೀಂಧ್ರ ಅದು. ಗಾಯದೊಳಗೆ ಹೊಕ್ಕು, ಆಕ್ಸಾಲಿಕ್ ಆಮ್ಲದಿಂದ ಜೀವಕೋಶಗಳನ್ನು ಕೊಲ್ಲುತ್ತಾ ಕಾಂಡವನ್ನು ಸುತ್ತುವರಿಯುತ್ತದೆ. ಅರ್ಧ ಶತಮಾನದೊಳಗೆ ಸುಮಾರು 300 ಕೋಟಿ ಮರ ಹೋದವು. ಬೇರು ಮಾತ್ರ ಸಾಯಲಿಲ್ಲ. ಇಂದಿಗೂ ಬುಡದಿಂದ ಚಿಗುರುತ್ತದೆ, ಒಂದಿಷ್ಟು ಎತ್ತರ ಬೆಳೆಯುವಷ್ಟರಲ್ಲಿ ತೊಗಟೆಯ ಮೇಲೆ ಕಿತ್ತಳೆ ಬಣ್ಣದ ಬೊಕ್ಕೆಗಳೆದ್ದು ಒಣಗುತ್ತದೆ, ಮತ್ತೆ ಚಿಗುರುತ್ತದೆ. ವರ್ಷವೂ ತಪ್ಪದೆ ಕಾಯಿ ಕೊಡುತ್ತಿದ್ದ ಮರ ಹೋದ ಮೇಲೆ ಕರಡಿಗೂ ಅಳಿಲಿಗೂ ಓಕ್ ಮರದ ಮರ್ಜಿಯೇ ಗತಿಯಾಯಿತು.

ನ್ಯೂಯಾರ್ಕ್ ರಾಜ್ಯದ ವಿಶ್ವವಿದ್ಯಾಲಯದ ವಿಜ್ಞಾನಿಗಳು ಚೆಸ್ಟ್‌ನಟ್‌ಗೆ ಗೋಧಿಯ ಒಂದು ಜೀನ್ ಸೇರಿಸಿದರು. ಅದು ಶಿಲೀಂಧ್ರವನ್ನು ಕೊಲ್ಲುವುದಿಲ್ಲ, ಆಮ್ಲವನ್ನು ಒಡೆಯುತ್ತದೆ ಅಷ್ಟೆ. (ಬಿಟಿಗೂ ಇದಕ್ಕೂ ಇರುವ ಅಂತರ ಇದೇ.) ಇಂಥ ಮರದ ಪರಾಗ ಕಾಡಿನ ಚೆಸ್ಟ್‌ನಟ್‌ಗೆ ತಗುಲಿದರೆ ಹುಟ್ಟುವ ಸಸಿಗಳಲ್ಲಿ ಸುಮಾರು ಅರ್ಧಕ್ಕೆ ಆ ಜೀನ್ ಬರುತ್ತದೆ. ಹರಡುವುದೇ ಉದ್ದೇಶ.

'ಡಾರ್ಲಿಂಗ್ 58' ಎಂಬ ಈ ತಳಿಗೆ ಅನುಮತಿ ಕೋರಿ 2020ರಲ್ಲಿ ಸರ್ಕಾರಕ್ಕೆ ಅರ್ಜಿ ಹೋಯಿತು. 2023ರ ಕೊನೆಗೆ ಬಯಲಾದದ್ದು ಬೇರೆ: ಪರೀಕ್ಷೆ ನಡೆಸಿದ್ದು 58ರ ಮೇಲಲ್ಲ, 'ಡಾರ್ಲಿಂಗ್ 54' ಎಂಬ ಇನ್ನೊಂದು ತಳಿಯ ಮೇಲೆ. ಪರಾಗ ಎಲ್ಲೋ ಅದಲುಬದಲಾಗಿತ್ತು. 54ರಲ್ಲಿ ಗೋಧಿಯ ಜೀನ್ ಹೋಗಿ ಕೂತದ್ದು ಮರದ್ದೇ ಇನ್ನೊಂದು ಜೀನಿನ ನಡುವೆ. ಹಲವು ಗಿಡಗಳ ಬೆಳವಣಿಗೆ ಕುಂಠಿತವಾಗಿತ್ತು, ರೋಗ ತಡೆಯುವ ಶಕ್ತಿಯೂ ಒಂದೇ ಸಮ ಇರಲಿಲ್ಲ. ಯಾರ ಕೈತಪ್ಪು ಎಂಬುದು ಇಲ್ಲಿ ದೊಡ್ಡ ಮಾತಲ್ಲ. ನಂಬರು ಹಚ್ಚಿ, ಅಳೆದು, ಬರೆದಿಟ್ಟ ತಾಕಿನಲ್ಲೇ ವರ್ಷಗಟ್ಟಲೆ ಕಾಣದ್ದು ಕಾಡಿನಲ್ಲಿ ಯಾರ ಕಣ್ಣಿಗೆ ಬೀಳುತ್ತಿತ್ತು?

ಈ ಕೆಲಸದಲ್ಲಿ ಜೊತೆಗಿದ್ದ ಅಮೆರಿಕನ್ ಚೆಸ್ಟ್‌ನಟ್ ಫೌಂಡೇಶನ್ ಎಂಬ ಸಂಸ್ಥೆ ಬೆಂಬಲ ಹಿಂತೆಗೆದುಕೊಂಡಿತು. ವಿಶ್ವವಿದ್ಯಾಲಯ ಹಿಂದೆ ಸರಿಯದೆ, ಅದೇ 54ಕ್ಕೆ ಅನುಮತಿ ಕೇಳಿತು.